ದೂರಸ್ಥ ಪೋರ್ಟ್‌ಲೆಟ್ ಮಾನಕ: ಉದಯ ಹಾಗೂ ಇತಿಮಿತಿಗಳು

ತಂತ್ರವಿದ್ಯೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದ ಸಾಧನಗಳ ಕಥೆಯನ್ನೇ ಹೇಳುತ್ತಾರೆ. ಆದರೆ ವಿಧಿವತ್ತಾಗಿ ಅಂಗೀಕೃತವಾಗಿಯೂ ಆಳವಾಗಿ ಬೇರೂರದೆ ಹೋದ ನಿಯಮಗಳು ತಮ್ಮ ಕಾಲದ ನಂಬಿಕೆಗಳನ್ನು ಅಷ್ಟೇ ಸ್ಪಷ್ಟವಾಗಿ ತೋರಿಸಬಲ್ಲವು. 'ಡಬ್ಲ್ಯು.ಎಸ್.ಆರ್.ಪಿ.' ಎಂಬ ದೂರಸ್ಥ ಪೋರ್ಟ್‌ಲೆಟ್ ಮಾನಕವನ್ನು ನಾವು ಈ ದೃಷ್ಟಿಯಿಂದ ಪರಿಶೀಲಿಸುವೆವು.

ಅಂಚೆ, ಪ್ರಕಟಣೆ, ಲೆಕ್ಕಪತ್ರ ಮೊದಲಾದವುಗಳನ್ನು ಒಂದೇ ಪುಟದಲ್ಲಿ ಒದಗಿಸುವ ಜಾಲತಾಣವೇ ಪೋರ್ಟಲ್. ಆ ಪುಟದ ಒಂದೊಂದು ಖಂಡವೂ ಪೋರ್ಟ್‌ಲೆಟ್. ಒಂದು ಸಂಸ್ಥೆಯ ಖಂಡವನ್ನು ಮತ್ತೊಂದರ ಪುಟದಲ್ಲಿ ಕೂಡಿಸಲು ಪ್ರತಿ ಸಲವೂ ಹೊಸ ಕ್ರಮವಿಧಿಯನ್ನು ಬರೆಯಬೇಕಾಗಿದ್ದಿತು. ಈ ಶ್ರಮವನ್ನು ತಪ್ಪಿಸಲೆಂದು ಓಯಸಿಸ್ ಸಂಸ್ಥೆಯು 2003ರಲ್ಲಿ ಈ ಮಾನಕದ ಮೊದಲ ಆವೃತ್ತಿಯನ್ನು ಅಂಗೀಕರಿಸಿತು. ಇದರಂತೆ 'ಉತ್ಪಾದಕ' ಸರ್ವರು ಖಂಡವನ್ನು ಸಿದ್ಧಪಡಿಸುವುದು. 'ಗ್ರಾಹಕ' ಪೋರ್ಟಲ್ ಅದನ್ನು ಸೋಪ್ ಸಂದೇಶಗಳ ಮೂಲಕ ತರಿಸಿಕೊಂಡು ಪುಟದಲ್ಲಿ ಜೋಡಿಸುವುದು.

ಇಲ್ಲಿಯೇ ಮೊದಲನೆಯ ಮಿತಿ ಅಡಗಿದೆ. ಹೀಗೆ ಸಾಗಿಬರುತ್ತಿದ್ದುದು ಮುಖ್ಯವಾಗಿ ವಿಷಯದ ಸಿದ್ಧರೂಪ, ವಿಷಯವಲ್ಲ. ಆದ್ದರಿಂದ ಬಂದ ಮಾಹಿತಿಯನ್ನು ಬೇರೆ ರೀತಿಯಲ್ಲಿ ವಿಂಗಡಿಸುವುದು ಗ್ರಾಹಕನಿಗೆ ಸುಲಭವಾಗಿರಲಿಲ್ಲ. ಖಂಡದೊಳಗೆ ಪೋರ್ಟ್‌ಲೆಟ್‌ಗೇ ಮರಳುವ ಕೊಂಡಿಗಳು ಗ್ರಾಹಕನ ಮೂಲಕವೇ ಹಾಯುವಂತೆ ಅವನ್ನು ರಚಿಸಬೇಕಾಗಿತ್ತು. ಬಳಸುವವನು ಒಂದು ಗುಂಡಿಯನ್ನು ಒತ್ತಿದರೆ, ಆ ಕ್ರಿಯೆಯನ್ನು ನೆರವೇರಿಸಲು ಒಂದು ಕರೆ, ಹೊಸ ರೂಪವನ್ನು ತರಲು ಸಾಮಾನ್ಯವಾಗಿ ಮತ್ತೊಂದು ಕರೆ ಉತ್ಪಾದಕನವರೆಗೆ ಹೋಗಿಬರಬೇಕಾಗಿತ್ತು.

ಎರಡನೆಯದು, ಐಚ್ಛಿಕತೆಯ ಮಿತಿ. ಮಾನಕದ ನಾಲ್ಕು ಅಂಗಗಳಲ್ಲಿ ಸೇವಾವಿವರಣೆ ಮತ್ತು ಖಂಡದ ರವಾನೆ ಮಾತ್ರ ಕಡ್ಡಾಯ. ನೋಂದಣಿ ಹಾಗೂ ಪೋರ್ಟ್‌ಲೆಟ್ ನಿರ್ವಹಣೆ ಐಚ್ಛಿಕ. ಭದ್ರತೆಯ ವಿಷಯವನ್ನು ಇತರ ಮಾನಕಗಳಿಗೆ ಬಿಡಲಾಗಿತ್ತು. ಹೀಗಾಗಿ ಮಾನಕವನ್ನು ಪಾಲಿಸಿದ ಎರಡು ವ್ಯವಸ್ಥೆಗಳ ನಡುವೆಯೂ ಪ್ರತ್ಯೇಕ ಒಪ್ಪಂದಗಳು ಬೇಕಾಗುತ್ತಿದ್ದವು.

ಮೂರನೆಯದು, ಕಾಲದ ಮಿತಿ. 2005ರಲ್ಲಿ 'ಅಜಾಕ್ಸ್' ಎಂಬ ಹೆಸರು ಪಡೆದ ವಿಧಾನದಿಂದ, ಪುಟವನ್ನು ಪೂರ್ತಿ ಬದಲಿಸದೆಯೇ ಬೇಕಾದ ಭಾಗವನ್ನು ಬ್ರೌಸರೇ ತರಿಸಿಕೊಳ್ಳುವ ರೂಢಿ ಹಬ್ಬಿತು. ಮೊದಲ ಆವೃತ್ತಿಯಲ್ಲಿ ಇದಕ್ಕೆ ತಕ್ಕ ಮಾರ್ಗವಿರಲಿಲ್ಲ. ಪೋರ್ಟ್‌ಲೆಟ್‌ಗಳು ಪರಸ್ಪರ ವಾರ್ತೆ ಕಳುಹಿಸಲು ನಿಯತವಾದ ಕ್ರಮವೂ ಇರಲಿಲ್ಲ. ಈ ಕೊರತೆಗಳಿಗೆ ಪರಿಹಾರವನ್ನು ಕೊಟ್ಟ ಎರಡನೆಯ ಆವೃತ್ತಿ ಅಂಗೀಕೃತವಾದುದು 2008ರಲ್ಲಿ. ಅಷ್ಟರಲ್ಲಿ ಪುಟವನ್ನು ಜೋಡಿಸುವ ಕೆಲಸವೇ ಸರ್ವರಿನಿಂದ ಬ್ರೌಸರಿನ ಕಡೆಗೆ ಸರಿಯತೊಡಗಿತ್ತು.

ಹಾಗೆಂದು ಇದನ್ನು ರಚಿಸಿದವರ ಅವಿವೇಕವೆಂದು ತೀರ್ಮಾನಿಸುವುದು ನ್ಯಾಯವಲ್ಲ. ಬ್ರೌಸರುಗಳ ನಡತೆ ಒಂದೊಂದು ಬಗೆಯಾಗಿದ್ದ 2003ರಲ್ಲಿ ಸರ್ವರಿನಲ್ಲಿಯೇ ಪುಟವನ್ನು ಕಟ್ಟುವುದು ವಿವೇಕದ ಮಾರ್ಗವೇ ಆಗಿದ್ದಿತು. ತೊಡಕು ಬಂದುದು, ಆ ದಿನದ ಅನುಕೂಲವನ್ನು ಸ್ಥಿರವಾದ ನಿಯಮವನ್ನಾಗಿ ಮಾಡಿದುದರಿಂದ. ಗ್ರಂಥಾಲಯಗಳೂ ವಿಶ್ವವಿದ್ಯಾನಿಲಯಗಳೂ ಇಂದು ತಮ್ಮ ಸಂಗ್ರಹಗಳನ್ನು ಪರಸ್ಪರ ಹಂಚಿಕೊಳ್ಳಲು ನಿಯಮಗಳನ್ನು ರೂಪಿಸುತ್ತಿರುವಾಗ, ತಾವು ಹಂಚುತ್ತಿರುವುದು ವಿಷಯವನ್ನೋ ಅದರ ತೋರಿಕೆಯನ್ನೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ತೋರಿಕೆ ಬೇಗ ಹಳತಾಗುವುದು. ವಿಷಯವು ಮುಂದಿನ ಪೀಳಿಗೆಗೂ ಬೇಕಾಗುವುದು.