ಮಲ್ಲಪ್ಪಶೆಟ್ಟಿ ಪಾರ್ಟು ಯಾರು ಮಾಡ್ತೀರಿ?

ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯ ಗ್ಯಾದರಿಂಗಿಗೆ ಕಿತ್ತೂರು ಚೆನ್ನಮ್ಮ ನಾಟಕ. ಬೈಲಹೊಂಗಲದ ಕಡೆ ಇದೇನು ವಿಶೇಷ ಅಲ್ಲ ಬಿಡಿ. ರಾಯಣ್ಣನ ಪಾರ್ಟಿಗೆ ಅರ್ಧ ಕ್ಲಾಸು ಕೈ ಎತ್ತಿತ್ತು. ಹ್ಯಾಟು ಹಾಕ್ಕೊಳ್ಳೋಕೆ ಸಿಗುತ್ತೆ ಅಂತ ಥ್ಯಾಕರೆ ಪಾರ್ಟಿಗೂ ಇಬ್ಬರು ಜಗಳಾಡಿದರು. "ಮಲ್ಲಪ್ಪಶೆಟ್ಟಿ ಪಾರ್ಟು ಯಾರು ಮಾಡ್ತೀರಿ?" ಅಂತ ಸರ್ ಕೇಳಿದಾಗ ಮಾತ್ರ ಇಡೀ ಕ್ಲಾಸು ಗಪ್‌ಚಿಪ್. ಕೊನೆಗೆ ಅದು ನನ್ನ ತಲೆಗೆ ಬಂತು. ನಾಟಕ ಮುಗಿದು ಎರಡು ವರ್ಷ ಆದರೂ ನನ್ನ ಹೆಸರು ಅದೇ ಆಗಿತ್ತು. ಕಿರಾಣಿ ಅಂಗಡಿ ಕಾಕಾ ಕೂಡ "ಏನ್ ಶೆಟ್ರ, ಇವತ್ತ ಯಾರನ್ನ ಹಿಡಿದು ಕೊಟ್ರಿ?" ಅಂತ ನಗುತ್ತಿದ್ದರು.

ಇದು ಮತ್ತೆ ನೆನಪಾದದ್ದು ಹೋದ ತಿಂಗಳು, ಬೆಂಗಳೂರಿನ ಫ್ಲಾಟಿನಲ್ಲಿ ಶನಿವಾರ ರಾತ್ರಿ 'ಕರೇಜ್ ಅಂಡರ್ ಫೈರ್' ನೋಡುವಾಗ. 1996ರ ಸಿನಿಮಾ. ಗಲ್ಫ್ ಯುದ್ಧದಲ್ಲಿ ಸತ್ತ ಒಬ್ಬ ಮಹಿಳಾ ಕ್ಯಾಪ್ಟನ್‌ಗೆ ದೊಡ್ಡ ಪದಕ ಕೊಡಬೇಕಾ ಬೇಡವಾ ಅಂತ ತನಿಖೆ ಮಾಡೋದು ಡೆನ್ಜೆಲ್ ವಾಷಿಂಗ್ಟನ್‌ನ ಕೆಲಸ. ಅವಳ ಕೈಕೆಳಗಿದ್ದ ಒಬ್ಬ ಸೈನಿಕ ಅವಳನ್ನು ವೀರಳು ಅಂತಾನೆ, ಇನ್ನೊಬ್ಬ ಪುಕ್ಕಲಿ ಅಂತಾನೆ. ತನಿಖೆ ಮಾಡುವವನೂ ಸಾಚಾ ಅಲ್ಲ. ಕತ್ತಲಲ್ಲಿ ತಮ್ಮದೇ ಟ್ಯಾಂಕಿನ ಮೇಲೆ ಗುಂಡು ಹಾರಿಸಲು ಆರ್ಡರ್ ಕೊಟ್ಟವನು ಅವನು. ಸಿನಿಮಾ ಮುಗಿದ ಮೇಲೆ ನಿದ್ದೆ ಬರಲಿಲ್ಲ. ನಮ್ಮೂರ ಕಡೆಯ ಕಥೆಗೂ ಹೀಗೆ ಯಾರಾದರೂ ತನಿಖೆ ಮಾಡಿದ್ದರೆ?

ಮಾಡಿದ್ದರು. ಕಿತ್ತೂರಿನ ಯುದ್ಧ ಶುರುವಾದದ್ದೇ ಒಂದು ತನಿಖೆಯಿಂದ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ಮಾಸ್ತಮರಡಿ ಗೌಡರ ಮಗನನ್ನು ದತ್ತು ತಗೊಂಡಿದ್ದಾಗಿ ಸಂಸ್ಥಾನದವರು ಹೇಳಿದರು. ಆ ಪತ್ರ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಕೈ ಸೇರುವ ಹೊತ್ತಿಗೆ ದೇಸಾಯಿ ಉಳಿದಿರಲಿಲ್ಲ. ಥ್ಯಾಕರೆಗೆ ಅನುಮಾನ: ಈ ಸಹಿ ದೇಸಾಯಿದೇನಾ? ಸತ್ತ ಮೇಲೆ ಹಾಕಿಸಿದ್ದಾ? ವಿಚಾರಣೆ ಮುಗಿಯುವವರೆಗೆ ದತ್ತು ಒಪ್ಪಲ್ಲ ಅಂತ ಕೂತ, ಖಜಾನೆಗೆ ಸೀಲು ಹಾಕಿಸಿದ. ಡಾಲ್‌ಹೌಸಿ ಬಂದು ದತ್ತು ನಿರಾಕರಣೆಯನ್ನು ದೊಡ್ಡ ನೀತಿಯಾಗಿ ಮಾಡಲು ಇನ್ನೂ 24 ವರ್ಷ ಬಾಕಿ ಇತ್ತು.

ಈಗ ಯೋಚನೆ ಮಾಡಿ. ಸಹಿ ಸುಳ್ಳು ಅಂತಾದರೆ ಸಂಸ್ಥಾನ ಯಾರಿಗೆ ಹೋಗುತ್ತೆ? ಕಂಪನಿಗೆ. ಸಹಿ ನಿಜವಾ ಸುಳ್ಳಾ ಅಂತ ಹೇಳುವವರು ಯಾರು? ಅದೇ ಕಂಪನಿ. ನಿಮ್ಮ ಅಪ್ರೈಸಲ್ ಅನ್ನು ನಿಮ್ಮ ಸೀಟಿಗೇ ಕಣ್ಣು ಹಾಕಿದವನು ಬರೆದ ಹಾಗೆ. ಸಹಿ ನಿಜವೋ ಸುಳ್ಳೋ ಅನ್ನೋದು ಆಮೇಲಿನ ಮಾತು. ಕೇಳುವ ಹಕ್ಕು ನಿನಗೆ ಎಲ್ಲಿಂದ ಬಂತು ಅನ್ನೋದು ಚೆನ್ನಮ್ಮನ ಪ್ರಶ್ನೆ.

ಅಕ್ಟೋಬರ್ 23ರ ಬೆಳಿಗ್ಗೆ ಕೋಟೆಯ ಬಾಗಿಲು ಹಾಕಿತ್ತು. ತೆಗೆಯದಿದ್ದರೆ ತೋಪಿನಿಂದ ಒಡೆಸ್ತೀನಿ ಅಂತ ಥ್ಯಾಕರೆ ಹೇಳಿ ಕಳಿಸಿದ. ಬಾಗಿಲು ತಾನಾಗೇ ತೆರೀತು. ಒಳಗಿದ್ದ ಸೈನ್ಯ ಹೊರಗೆ ನುಗ್ಗಿತು. ಥ್ಯಾಕರೆ, ಕ್ಯಾಪ್ಟನ್ ಬ್ಲ್ಯಾಕ್ ಮತ್ತು ಇನ್ನಿಬ್ಬರು ಅಧಿಕಾರಿಗಳು ಸತ್ತರು. ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ಅನ್ನೋ ಇಬ್ಬರು ಸೆರೆ ಸಿಕ್ಕರು.

ಇಲ್ಲಿಂದ ಕಥೆ ಎರಡಾಗುತ್ತೆ. ಇಂಗ್ಲಿಷ್ ಬರಹಗಳಲ್ಲಿ ಥ್ಯಾಕರೆ ಕರ್ತವ್ಯ ಮಾಡ್ತಾ ಪ್ರಾಣ ಕೊಟ್ಟ ಅಧಿಕಾರಿ. ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ ಬೇರೆ. ಧಾರವಾಡದಲ್ಲಿ ಅವನ ಸ್ಮಾರಕವೂ ಇದೆ. ಆ ಕಥೆಯಲ್ಲಿ ಅವನಿಗೆ ಹೆಸರು, ವಂಶ, ಗುಣ ಎಲ್ಲ ಇದೆ. ಕೊಂದವರು ಬರೀ ಗುಂಪು. ನಮ್ಮ ಲಾವಣಿಗಳಲ್ಲಿ ತದ್ವಿರುದ್ಧ. ಗುಂಡು ಹಾರಿಸಿದವನು ಅಮಟೂರ ಬಾಳಪ್ಪ, ಗುರಿ ತಪ್ಪದವನು. ಥ್ಯಾಕರೆ ಬರೀ ಥ್ಯಾಕರೆ ಸಾಹೇಬ, ಸಾಯಲಿಕ್ಕೆ ಬಂದವನು. ಒಂದೇ ಗುಂಡು. ಅವರ ಲೆಕ್ಕದಲ್ಲಿ ಕೊಲೆ, ನಮ್ಮ ಲೆಕ್ಕದಲ್ಲಿ ಯುದ್ಧ.

ಡೆಕ್ಕನ್ನಿನ ಕಮಿಷನರ್ ಚಾಪ್ಲಿನ್ ದೊಡ್ಡ ಸೈನ್ಯ ತಂದ. ಮೊದಲು ಸೆರೆಯಾಳುಗಳನ್ನು ಬಿಡಿ ಅಂದ. ಡಿಸೆಂಬರ್ 2ಕ್ಕೆ ಚೆನ್ನಮ್ಮ ಇಬ್ಬರನ್ನೂ ಬಿಟ್ಟಳು. ಮರುದಿನವೇ ಯುದ್ಧ ಶುರು, 5ಕ್ಕೆ ಕೋಟೆ ಬಿತ್ತು. ಕೊಟ್ಟ ಮಾತು ಮುರಿದ ಅಂತ ನಾವು. ಷರತ್ತಿನಂತೆ ಕೋಟೆ ಒಪ್ಪಿಸಲಿಲ್ಲ ಅಂತ ಅವರು. ಕೈಯಲ್ಲಿದ್ದ ಒತ್ತೆಯನ್ನು ಯುದ್ಧಕ್ಕೆ ಮುಂಚೆ ಬಿಟ್ಟುಕೊಟ್ಟದ್ದು ಯಾರು ಅನ್ನೋದರಲ್ಲಿ ಮಾತ್ರ ಎರಡು ಮಾತಿಲ್ಲ. ಬಿಡುಗಡೆಯಾದ ಎಲಿಯಟ್‌ಗೆ ಆಗ 21 ವರ್ಷ. ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳನ್ನು ನಕಲು ಮಾಡಿಸಿ ಕೂಡಿಟ್ಟವನು ಇವನೇ. ಚೆನ್ನಮ್ಮನಿಗೆ ಉಳಿದದ್ದು ಬೈಲಹೊಂಗಲದ ಸೆರೆ. ಅಲ್ಲೇ 1829ರಲ್ಲಿ ತೀರಿಕೊಂಡಳು.

ಆದರೆ ನಮ್ಮ ನಾಟಕದಲ್ಲಿ ಕೋಟೆ ಬಿದ್ದದ್ದು ಚಾಪ್ಲಿನ್ನನಿಂದ ಅಲ್ಲ, ನನ್ನಿಂದ. ಅಂದರೆ ಮಲ್ಲಪ್ಪಶೆಟ್ಟಿಯಿಂದ. ಮದ್ದಿನಲ್ಲಿ ಸೆಗಣಿ ಬೆರೆಸಿದರು, ತೋಪು ಹಾರಲಿಲ್ಲ, ಕಿತ್ತೂರು ಸೋತಿತು. ಮಲ್ಲಪ್ಪಶೆಟ್ಟಿ, ವೆಂಕಟರಾವ್ ಅನ್ನೋ ಎರಡು ಹೆಸರು ನಮ್ಮ ಕಡೆ ಇವತ್ತಿಗೂ ಬೈಗುಳ.

ನಾನು ಅವರ ವಕೀಲ ಅಲ್ಲ. ಸಂಸ್ಥಾನದ ಆಡಳಿತವನ್ನು ಥ್ಯಾಕರೆ ಇವರ ಕೈಗೇ ಕೊಟ್ಟ ಅನ್ನೋದು ಸಣ್ಣ ಆರೋಪ ಅಲ್ಲ. ಆದರೆ ದ್ರೋಹಿಯ ಕಥೆ ನಮಗೆ ಯಾಕೆ ಇಷ್ಟು ಬೇಕು ಅಂತ ನೋಡಿ. ಅದಿದ್ದರೆ ಬೇರೆ ಯಾವ ಪ್ರಶ್ನೆಯನ್ನೂ ಕೇಳಬೇಕಾಗಿಲ್ಲ. ಪುಣೆಯಿಂದ, ಮದ್ರಾಸಿನ ಕಡೆಯಿಂದ ಸೈನ್ಯ ತರಿಸಬಲ್ಲ ಕಂಪನಿಯ ಎದುರು ಒಂದು ಕೋಟೆ ಎಷ್ಟು ದಿನ ನಿಲ್ಲುತ್ತಿತ್ತು ಅನ್ನೋ ಪ್ರಶ್ನೆ. ಅಕ್ಕಪಕ್ಕದ ಸಂಸ್ಥಾನಗಳು ಯಾಕೆ ಬರಲಿಲ್ಲ ಅನ್ನೋ ಪ್ರಶ್ನೆ. ಎಲ್ಲಕ್ಕಿಂತ ಮುಜುಗರದ್ದು ಇನ್ನೊಂದು: ಬರೀ ಆರು ವರ್ಷ ಹಿಂದೆ, 1818ರಲ್ಲಿ, ಪೇಶ್ವೆಯ ವಿರುದ್ಧ ಮನ್ರೋ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರು ನಿಂತದ್ದು ಕಂಪನಿಯ ಪಕ್ಕದಲ್ಲಿ. ಅವತ್ತು ಅದು ರಾಜಕಾರಣ. ಅದನ್ನೇ 1824ರಲ್ಲಿ ಒಬ್ಬ ಗುಮಾಸ್ತ ಮಾಡಿದರೆ ದ್ರೋಹ. ಗೆರೆ ಎಲ್ಲಿ ಎಳೀತೀರಿ?

ಉತ್ತರ ಬೇಕಿದ್ದರೆ ಬೈಲಹೊಂಗಲದಲ್ಲಿ ಬಸ್ಸು ಹತ್ತಿ. ಸವದತ್ತಿ ದಾಟಿ, ಮಲಪ್ರಭೆಯ ಬಯಲಲ್ಲೇ ಮುಂದೆ ಹೋದರೆ ರಾಮದುರ್ಗ. ಅದರ ಹತ್ತಿರ ಸುರೇಬಾನ. ಇದೇ ನಾಟಕ 34 ವರ್ಷ ಆದ ಮೇಲೆ ಇಲ್ಲಿ ಮತ್ತೆ ನಡೆಯಿತು, ಈ ಸಲ ಅಣ್ಣತಮ್ಮಂದಿರ ನಡುವೆ.

ನರಗುಂದದ ಬಾಬಾಸಾಹೇಬ ಭಾವೆಗೂ ಮಕ್ಕಳಿರಲಿಲ್ಲ. ಅವನಿಗೂ ದತ್ತಿಗೆ ಅನುಮತಿ ಸಿಗಲಿಲ್ಲ. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದ. ಅಲ್ಲಿನ ಅರಸ ಬಾಬಾಸಾಹೇಬನ ಮಲಸಹೋದರ. ಬ್ರಿಟಿಷ್ ದಾಖಲೆಗಳ ಪ್ರಕಾರ, ನರಗುಂದದಿಂದ ತನಗೆ ಬಂದ ಪತ್ರವನ್ನು ಅವನು ಮ್ಯಾನ್ಸನ್‌ಗೆ ತೋರಿಸಿದ, ಸ್ವಲ್ಪ ಜನರ ಜೊತೆ ಆ ಕಡೆ ಹೋಗಬೇಡ ಅಂತಲೂ ಎಚ್ಚರಿಸಿದ. ಮ್ಯಾನ್ಸನ್ ಕೇಳಲಿಲ್ಲ. 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ನರಗುಂದದವರು ಮೇಲೆ ಬಿದ್ದರು. ಅವನ ತಲೆ ನರಗುಂದದ ಬಾಗಿಲಿಗೆ ತೂಗಿತು.

ಬಾಬಾಸಾಹೇಬನನ್ನು ತೊರಗಲ್ಲ ಕಾಡಿನಲ್ಲಿ ಹಿಡಿದದ್ದು ಫ್ರಾಂಕ್ ಸೂಟರ್ ಅನ್ನೋ ಪೊಲೀಸ್ ಅಧಿಕಾರಿ. ಬೆಳಗಾವಿಯಲ್ಲಿ ವಿಚಾರಣೆ ಮುಗಿಸಿ ಜೂನ್ 12ಕ್ಕೆ ಗಲ್ಲಿಗೇರಿಸಿದರು. ಸುರೇಬಾನದ ರಾತ್ರಿಯಿಂದ ನೇಣಿನವರೆಗೆ 14 ದಿನ. ನಿಮ್ಮ ಆಫೀಸಿನ ಒಂದು ಸ್ಪ್ರಿಂಟ್. ಅಷ್ಟರಲ್ಲಿ ಆರೋಪ, ಸಾಕ್ಷಿ, ತೀರ್ಪು, ಎಲ್ಲ. ಅವನ ತಾಯಿ, ಹೆಂಡತಿ ಇಬ್ಬರೂ ಮಲಪ್ರಭೆಗೆ ಹಾರಿಕೊಂಡರು. ನರಗುಂದ ಮುಟ್ಟುಗೋಲಾಯಿತು. ರಾಮದುರ್ಗ 1948ರಲ್ಲಿ ಭಾರತದಲ್ಲಿ ಸೇರುವವರೆಗೆ, ಇನ್ನೂ 90 ವರ್ಷ, ಸಂಸ್ಥಾನವಾಗಿಯೇ ಉಳಿಯಿತು.

ಹಾಗಾದರೆ ರಾಮದುರ್ಗದ ತಮ್ಮ ಯಾರು? ಒಬ್ಬ ಮನುಷ್ಯನ ಜೀವ ಉಳಿಸಲು ನೋಡಿದವನಾ? ಅಣ್ಣನನ್ನು ಹಿಡಿದುಕೊಟ್ಟವನಾ? ತನ್ನ ಊರು ಸುಡದ ಹಾಗೆ ನೋಡಿಕೊಂಡವನಾ? ಮೂರೂ ಒಂದೇ ಪತ್ರದಲ್ಲಿ ಇದೆ. ಆ ಪತ್ರ ಮುಚ್ಚಿಟ್ಟು ಸುಮ್ಮನಿದ್ದರೆ ನಾವು ಅವನನ್ನು ಒಳ್ಳೆಯ ತಮ್ಮ ಅಂತಿದ್ದೆವು. ಅವನ ಊರಿನವರು ಏನಂತಿದ್ದರೋ!

ಕಂಪನಿಯ ತನಿಖೆಗೆ ಒಬ್ಬ ಅಪರಾಧಿ ಸಿಕ್ಕರೆ ಸಾಕು, ಫೈಲು ಮುಚ್ಚುತ್ತಿತ್ತು. ನಮ್ಮ ತನಿಖೆಗೆ ಒಬ್ಬ ದ್ರೋಹಿ ಸಿಕ್ಕರೆ ಸಾಕು, ಪರದೆ ಬೀಳುತ್ತೆ. ದತ್ತು ಒಪ್ಪಲ್ಲ ಅಂದವನು ಯಾರು, ಯಾವ ಹಕ್ಕಿನಿಂದ ಅನ್ನೋದನ್ನು ಅವರು ಕೇಳಲಿಲ್ಲ, ಯಾಕಂದರೆ ಅದು ಅವರ ಕಡೆಗೇ ಬೆರಳು ತೋರಿಸುತ್ತಿತ್ತು. ಉಳಿದವರೆಲ್ಲ ಎಲ್ಲಿದ್ದರು ಅನ್ನೋದನ್ನು ನಾವೂ ಕೇಳಲ್ಲ. ಕಾರಣವೂ ಅದೇ. ಇದರಿಂದ ಚೆನ್ನಮ್ಮ ಸಣ್ಣವಳಾಗಲ್ಲ. ಮದ್ದಿನಲ್ಲಿ ಸೆಗಣಿ ಇಲ್ಲದಿದ್ದರೂ ಸೋಲುವುದು ಖಚಿತ ಅಂತ ಗೊತ್ತಿದ್ದೂ ಅವಳು ಬಾಗಿಲು ತೆರೆಸಿದ್ದರೆ ಅದು ಇನ್ನೂ ದೊಡ್ಡ ಧೈರ್ಯ.

ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗನನ್ನು ಕರೆದುಕೊಂಡು ಬೈಲಹೊಂಗಲದ ಚೆನ್ನಮ್ಮನ ಸಮಾಧಿಗೆ ಹೋಗಿದ್ದೆ. ಅವನಿಗೂ ಈಗ ಆರನೇ ಕ್ಲಾಸು.

"ಮಾಮಾ, ನಮ್ಮ ಸಾಲಿ ಗ್ಯಾದರಿಂಗ್‌ನ್ಯಾಗೂ ಇದೇ ನಾಟಕ. ನಂದು ಬಾಳಪ್ಪನ ಪಾರ್ಟು."

"ಚಲೋ ಆತು. ಮಲ್ಲಪ್ಪಶೆಟ್ಟಿ ಯಾರು?"

"ಯಾರೂ ಒಲ್ಲೆ ಅನ್ನಾಕತ್ತಾರ. ಅದನ್ನ ತಗದ ಬಿಡೂಣು ಅಂದಾರ ಸರ್."

"ಮತ್ತ ಕಿತ್ತೂರು ಹೆಂಗ ಸೋಲತೈತಿ?"

ಅವನು ಸ್ವಲ್ಪ ಹೊತ್ತು ಸಮಾಧಿಯ ಕಡೆ ನೋಡಿದ. "ಅದನ್ನ ನಾವು ಇನ್ನೂ ವಿಚಾರ ಮಾಡಿಲ್ಲ ಮಾಮಾ," ಅಂದ.