ಶಾಲೆಯಲ್ಲಿ ಸಹಾಯಕ ತಂತ್ರಜ್ಞಾನ

ನೋಡಲು, ಕೇಳಲು, ಬರೆಯಲು ಅಥವಾ ನಡೆದಾಡಲು ತೊಡಕಿರುವ ಮಕ್ಕಳು ಉಳಿದವರೊಂದಿಗೆ ಕಲಿಯಲು ನೆರವಾಗುವ ಸಾಧನ ಹಾಗೂ ತಂತ್ರಾಂಶಗಳ ಒಟ್ಟು ಹೆಸರು. ಬ್ರೈಲ್ ಸ್ಲೇಟು, ಶ್ರವಣ ಸಾಧನ, ಪರದೆಯ ಬರಹವನ್ನು ಓದಿ ಹೇಳುವ ಕಂಪ್ಯೂಟರ್ ಎಲ್ಲವೂ ಇದರಲ್ಲಿ ಸೇರುತ್ತವೆ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಬೀಡಿ ಊರಿನ ಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುತ್ತವೆ. ಇಂಥ ಕಡೆ ಬ್ರೈಲ್ ವಿಶೇಷವಾಗಿ ಒಪ್ಪುತ್ತದೆ. 1951ರಲ್ಲಿ ನೆಲೆಗೊಂಡ ಭಾರತಿ ಬ್ರೈಲ್‌ನಲ್ಲಿ ಒಂದು ಧ್ವನಿಗೆ ಭಾರತೀಯ ಭಾಷೆಗಳಲ್ಲೆಲ್ಲ ಬಹುಮಟ್ಟಿಗೆ ಒಂದೇ ಚಿಹ್ನೆ. ಕನ್ನಡದ ‘ಕ’ ಮತ್ತು ಮರಾಠಿಯ ‘ಕ’ ಬೆರಳಿಗೆ ಬೇರೆಯಲ್ಲ. ಒತ್ತಕ್ಷರವೂ ಕೆಳಗಿಳಿಯುವುದಿಲ್ಲ: ‘ಅಮ್ಮ’ ಎಂಬಲ್ಲಿ ‘ಅ’ ಆದ ಮೇಲೆ ಸ್ವರವಿಲ್ಲವೆಂದು ಸೂಚಿಸುವ ಹಲಂತದ ಚುಕ್ಕೆ, ಬಳಿಕ ಎರಡು ‘ಮ’ ಸಾಲಾಗಿ ಬರುತ್ತವೆ. ಇದೇ ಜಿಲ್ಲೆಯ ಬೆಳಗಾವಿ ನಗರದಲ್ಲಿ ಅಂಧ ಮಕ್ಕಳಿಗಾಗಿಯೇ ಮಾಹೇಶ್ವರಿ ಅಂಧರ ಶಾಲೆ ಇದೆ.

ಕಂಪ್ಯೂಟರಿನಲ್ಲಿ ದೊಡ್ಡ ಬದಲಾವಣೆ ತಂದದ್ದು ಪರದೆಯ ಬರಹ ಓದುವ ತಂತ್ರಾಂಶ ಎನ್‌ವಿಡಿಎ. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ಈ ಉಚಿತ ತಂತ್ರಾಂಶ, ಇ-ಸ್ಪೀಕ್ ಧ್ವನಿಯ ನೆರವಿನಿಂದ ಕನ್ನಡವನ್ನೂ ಓದುತ್ತದೆ. ಆದರೆ ಬರಹ ಯೂನಿಕೋಡ್‌ನಲ್ಲಿರಬೇಕು. ಹಳೆಯ ನುಡಿ ಫಾಂಟಿನ ಟಿಪ್ಪಣಿ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಮಗುವಿನ ಕಿವಿಗೆ ಬೀಳುವುದೂ ಅದೇ. ಟಿಪ್ಪಣಿ ಹಂಚುವ ಶಿಕ್ಷಕರು ಇದನ್ನು ಮೊದಲು ಸರಿಪಡಿಸಬೇಕು, ಅದಕ್ಕೆ ಖರ್ಚೇನೂ ಇಲ್ಲ.

ಮುದ್ರಿತ ಪುಟಗಳನ್ನು ಕಂಪ್ಯೂಟರ್ ಓದಬಲ್ಲ ಪಠ್ಯವಾಗಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶವನ್ನು ರೂಪಿಸಿದೆ, ಅದು ಹಳಗನ್ನಡವನ್ನೂ ಗುರುತಿಸುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಮಿನ ಪ್ರಕಾರ, ಕನಿಷ್ಠ ಶೇ. 40ರಷ್ಟು ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸಹಾಯಕ ಸಾಧನಗಳನ್ನು ಉಚಿತವಾಗಿ ಒದಗಿಸುವ ಹೊಣೆ ಸರ್ಕಾರದ್ದು.