ಗೇಟಿನ ಹೊರಗೆ 693 ದಿನ

ಮೂವತ್ತಾರು ಫೋಟೋ ಹಿಡಿಯುವ ರೀಲು ನೆನಪಿದೆಯಲ್ಲವೇ? ಮದುವೆಯೋ ಪ್ರವಾಸವೋ ಮುಗಿದ ಮೇಲೆ ಅದನ್ನು ಸ್ಟುಡಿಯೋಗೆ ಕೊಟ್ಟು ವಾರಗಟ್ಟಲೆ ಕಾಯುತ್ತಿದ್ದೆವು. ಎಪ್ಪತ್ತರ ದಶಕದ ಇಂಗ್ಲೆಂಡಿನಲ್ಲಿ ಇದಕ್ಕೆ ಇನ್ನೊಂದು ಅಗ್ಗದ ದಾರಿ ಇತ್ತು. ರೀಲನ್ನು ಲಕೋಟೆಗೆ ಹಾಕಿ ಅಂಚೆ ಪೆಟ್ಟಿಗೆಗೆ ಬಿಟ್ಟರೆ, ಕೆಲವು ದಿನಗಳಲ್ಲಿ ಬಣ್ಣದ ಫೋಟೋಗಳು ಅಂಚೆಯಲ್ಲೇ ಮನೆಗೆ ಬರುತ್ತಿದ್ದವು. ವಾಯವ್ಯ ಲಂಡನ್ನಿನ ವಿಲ್ಸ್‌ಡೆನ್ ಪ್ರದೇಶದಲ್ಲಿ ಈ ಕೆಲಸ ಮಾಡುತ್ತಿದ್ದ ಕಂಪನಿಯ ಹೆಸರು ಗ್ರನ್‌ವಿಕ್. ಡಾಲಿಸ್ ಹಿಲ್ ಸ್ಟೇಷನ್ನಿನ ಪಕ್ಕದ ಚಾಪ್ಟರ್ ರೋಡಿನಲ್ಲಿ ಅದರ ಕಟ್ಟಡವಿತ್ತು.

ನಾನು ಪ್ರತಿದಿನ ರೈಲಿನಲ್ಲಿ ಆ ಸ್ಟೇಷನ್ ದಾಟಿ ಕೆಲಸಕ್ಕೆ ಹೋಗುತ್ತೇನೆ. ವೆಂಬ್ಲಿ, ಹ್ಯಾರೋ ಕಡೆ ಮನೆ ಮಾಡಿಕೊಂಡಿರುವ ಅನೇಕ ಕನ್ನಡಿಗರೂ ಹಾಗೆಯೇ. ನಮ್ಮ ತೊಗರಿಬೇಳೆ, ಕರಿಬೇವು, ಹಬ್ಬದ ವೀಳ್ಯದೆಲೆ ಎಲ್ಲವೂ ಈಲಿಂಗ್ ರೋಡಿನ ಗುಜರಾತಿ ಅಂಗಡಿಗಳಿಂದಲೇ. ಆ ಅಂಗಡಿಗಳಿಗಿಂತ ಮೊದಲು, ಆ ಸಮುದಾಯದ ಹೆಂಗಸರು ಇಲ್ಲಿ ಏನು ಮಾಡಿದ್ದರು ಎಂಬುದು ವಲಸೆ ಬಂದ ನಮ್ಮ ತಲೆಮಾರಿಗೆ ಅಷ್ಟಾಗಿ ತಿಳಿಯದು. ಅದಕ್ಕೇ ಈ ಬರಹ.

ಇವರಲ್ಲಿ ಹೆಚ್ಚಿನವರು ನೇರವಾಗಿ ಭಾರತದಿಂದ ಬಂದವರಲ್ಲ. ಕೀನ್ಯಾ, ಟಾಂಜಾನಿಯಾ, ಉಗಾಂಡಗಳಲ್ಲಿ ಅಂಗಡಿ, ಕಚೇರಿ, ಶಾಲೆ ಎಂದು ನೆಲೆ ನಿಂತಿದ್ದ ಕುಟುಂಬಗಳು. ಸ್ವಾತಂತ್ರ್ಯಾನಂತರದ ಆಫ್ರಿಕಾದಲ್ಲಿ ಅವರಿಗೆ ಜಾಗ ಕಿರಿದಾಯಿತು. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಏಷ್ಯನ್ನರನ್ನು ಹೊರಗಟ್ಟಿದ. ಅಲ್ಲಿ ಮನೆಗೆಲಸಕ್ಕೆ ಆಳಿದ್ದ ಹೆಂಗಸರು ಇಲ್ಲಿಗೆ ಬಂದು, ಮೊದಲ ಬಾರಿಗೆ ಸಂಬಳದ ಕೆಲಸ ಹುಡುಕಿ ಕಾರ್ಖಾನೆಯ ಬಾಗಿಲಿಗೆ ಹೋದರು. ಜಯಾಬೆನ್ ದೇಸಾಯಿ ಅಂಥವರಲ್ಲಿ ಒಬ್ಬರು. 1933ರಲ್ಲಿ ಗುಜರಾತಿನ ಧರ್ಮಜ್ ಎಂಬ ಊರಿನಲ್ಲಿ ಹುಟ್ಟಿ, ಮದುವೆಯಾಗಿ ಟಾಂಜಾನಿಯಾಕ್ಕೆ ಹೋಗಿ, ಅರವತ್ತರ ದಶಕದ ಕೊನೆಗೆ ಲಂಡನ್ ಸೇರಿದವರು. ಎತ್ತರ ಐದಡಿಯೂ ಇಲ್ಲ. ಮೊದಲು ಹೊಲಿಗೆ ಕೆಲಸ, ಆಮೇಲೆ ಗ್ರನ್‌ವಿಕ್‌ನ ಅಂಚೆ ವಿಭಾಗದಲ್ಲಿ ಲಕೋಟೆಗಳ ಕೆಲಸ.

ವೃತ್ತಿಯಿಂದ ಲೆಕ್ಕಪರಿಶೋಧಕನಾದ್ದರಿಂದ ಮೊದಲು ಸಂಬಳದ ಪುಸ್ತಕಕ್ಕೇ ನನ್ನ ಕಣ್ಣು ಹೋಗುತ್ತದೆ. 1976ರ ಸುಮಾರಿಗೆ ಗ್ರನ್‌ವಿಕ್‌ನಲ್ಲಿ ಸರಾಸರಿ ವಾರದ ಸಂಬಳ 28 ಪೌಂಡ್. ಲಂಡನ್ನಿನಲ್ಲಿ ದೈಹಿಕ ಕೆಲಸ ಮಾಡುವ ಹೆಂಗಸರ ಸರಾಸರಿ 44 ಪೌಂಡ್. ಇಡೀ ದೇಶದ ಸರಾಸರಿ 72. ಎಂದರೆ ತನ್ನಂತೆಯೇ ದುಡಿಯುವ ಬೇರೆ ಹೆಂಗಸಿಗಿಂತ ವಾರಕ್ಕೆ 16 ಪೌಂಡ್ ಕಡಿಮೆ. ಆ ಕೊರತೆ ತುಂಬಲು ಓವರ್‌ಟೈಮ್. ಅದಾದರೂ ಇಷ್ಟವಿದ್ದವರಿಗೆ ಮಾತ್ರವೇ ಎಂದರೆ, ಇಲ್ಲ. ಇಲ್ಲಿಯ ಜನ ರಜೆಗೆ ಹೋಗುವುದು, ಫೋಟೋ ತೆಗೆಯುವುದು ಬೇಸಿಗೆಯಲ್ಲಿ. ಹಾಗಾಗಿ ಬೇಸಿಗೆ ಬಂತೆಂದರೆ ಲಕೋಟೆಗಳ ರಾಶಿ. ಸಂಜೆ ಮನೆಗೆ ಹೊರಡುವ ಹೊತ್ತಿಗೆ ಮ್ಯಾನೇಜರ್ ಬಂದು, ಇವತ್ತು ಇನ್ನೂ ಇರಬೇಕು ಎಂದರೆ ಇರಬೇಕು.

ಇಂಥ ಕಡೆ ಲೆಕ್ಕದ ಪುಸ್ತಕ ಎಲ್ಲವನ್ನೂ ಹೇಳುವುದಿಲ್ಲ. ಓವರ್‌ಟೈಮಿನ ಕಾಲಮ್ಮಿನಲ್ಲಿ ಗಂಟೆ ಇರುತ್ತದೆ, ದರ ಇರುತ್ತದೆ. ಆ ಗಂಟೆಯಲ್ಲಿ ಮನೆಯಲ್ಲಿ ಮಗುವನ್ನು ಯಾರು ನೋಡಿಕೊಂಡರು, ರಾತ್ರಿ ಎಷ್ಟು ಹೊತ್ತಿಗೆ ರೊಟ್ಟಿ ತಟ್ಟಲು ಕೂತಳು ಎಂಬುದಕ್ಕೆ ಕಾಲಮ್ಮಿಲ್ಲ. ಶೌಚಾಲಯಕ್ಕೆ ಹೋಗಲು ಅನುಮತಿ ಕೇಳಬೇಕಿತ್ತು ಎಂದು ಕೆಲಸಗಾರರು ಮುಂದೆ ಹೇಳಿದರು. ಮೊಮ್ಮಕ್ಕಳಿರುವ ವಯಸ್ಸಿನ ಹೆಂಗಸು, ಮಗನ ಪ್ರಾಯದ ಮೇಲ್ವಿಚಾರಕನ ಮುಂದೆ ನಿಂತು ಅದನ್ನು ಕೇಳಬೇಕು. ನಮ್ಮ ಮನೆಗಳಲ್ಲಿ ಆ ತಲೆಮಾರಿನ ಹೆಂಗಸರು ಇಂಥ ಮಾತನ್ನು ಗಂಡನ ಮುಂದೂ ಆಡುತ್ತಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಈ ನಿಯಮದ ಭಾರ ಗೊತ್ತಾಗುತ್ತದೆ.

1976ರ ಆಗಸ್ಟ್ 20, ಶುಕ್ರವಾರ. ಅಂದು ನಿಧಾನವಾಗಿ ಕೆಲಸ ಮಾಡಿದನೆಂದು ದೇವ್ಶಿ ಭುದಿಯಾ ಎಂಬ ಹುಡುಗನನ್ನು ಕೆಲಸದಿಂದ ತೆಗೆದರು. ಅವನ ಜೊತೆ ಇನ್ನೂ ಮೂವರು ಎದ್ದು ಹೋದರು. ಸಂಜೆ ಏಳರ ಹತ್ತಿರ ಜಯಾಬೆನ್ ಮನೆಗೆ ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದಾಗ ಅವರಿಗೂ ಓವರ್‌ಟೈಮಿನ ಆಜ್ಞೆ ಬಂತು. ಮಾತಿಗೆ ಮಾತು ಬೆಳೆಯಿತು. ಇದು ಕಾರ್ಖಾನೆಯಲ್ಲ, ಮೃಗಾಲಯ. ಮೃಗಾಲಯದಲ್ಲಿ ಹೇಳಿದ ಹಾಗೆ ಕುಣಿಯುವ ಕೋತಿಗಳೂ ಇರುತ್ತವೆ, ತಲೆ ಕಚ್ಚಿ ಹಾಕುವ ಸಿಂಹಗಳೂ ಇರುತ್ತವೆ, ನಾವು ಆ ಸಿಂಹಗಳು ಎಂದು ಹೇಳಿ, ಅಲ್ಲೇ ಕೆಲಸ ಮಾಡುತ್ತಿದ್ದ ಮಗ ಸುನಿಲ್‌ನನ್ನು ಕರೆದುಕೊಂಡು ಹೊರಬಂದರು. ಈ ಸಿಂಹದ ಮಾತು ಈಗ ಇಂಗ್ಲೆಂಡಿನಲ್ಲಿ ಪ್ರಸಿದ್ಧ. ಆದರೆ ಸಿಟ್ಟಿನಲ್ಲಿ ಒಂದು ಮಾತು ಆಡಿ ಬರುವುದು ನಮ್ಮಲ್ಲಿ ಅನೇಕರಿಗೆ ಸಾಧ್ಯ. ನನಗೆ ದೊಡ್ಡದಾಗಿ ಕಾಣುವುದು ಮುಂದಿನ ಸೋಮವಾರ. ಶನಿವಾರ, ಭಾನುವಾರ ಕಳೆದು ಸಿಟ್ಟು ಇಳಿದ ಮೇಲೆ, ಸಂಬಳವಿಲ್ಲದ ವಾರ ಕಣ್ಣೆದುರಿಗಿದ್ದಾಗ, ಅದೇ ಗೇಟಿನ ಮುಂದೆ ಕೈಯಲ್ಲಿ ಬರೆದ ಫಲಕ ಹಿಡಿದು ಹೋಗಿ ನಿಂತರಲ್ಲ, ಅದು.

ಸಂಘ ಎಂದರೇನು, ಅದಕ್ಕೆ ಸೇರುವುದು ಹೇಗೆ ಎಂಬುದೂ ಅವರಿಗೆ ಆಗ ಸರಿಯಾಗಿ ತಿಳಿದಿರಲಿಲ್ಲ. ಉಚಿತ ಸಲಹಾ ಕೇಂದ್ರದಲ್ಲಿ ವಿಚಾರಿಸಿ, ಎಪೆಕ್ಸ್ ಎಂಬ ಕಚೇರಿ ನೌಕರರ ಸಂಘಕ್ಕೆ ಸೇರಿದರು. ಕೆಲವೇ ದಿನಗಳಲ್ಲಿ 490 ಕೆಲಸಗಾರರಲ್ಲಿ 137 ಜನ ಹೊರಗೆ ಬಂದಿದ್ದರು. 91 ಜನ ಕಾಯಂ ನೌಕರರು, 46 ಜನ ರಜೆಯಲ್ಲಿ ದುಡಿಯಲು ಬಂದ ವಿದ್ಯಾರ್ಥಿಗಳು. ಸೆಪ್ಟೆಂಬರ್ 2ರಂದು ಕಂಪನಿ ಅಷ್ಟೂ ಜನರನ್ನು ವಜಾ ಮಾಡಿತು. ಕೆಲವರನ್ನು ಆರಿಸಿ ತೆಗೆದಿದ್ದರೆ ಅವರು ನ್ಯಾಯಮಂಡಳಿಗೆ ಹೋಗಬಹುದಿತ್ತು. ಮುಷ್ಕರ ಹೂಡಿದ ಎಲ್ಲರನ್ನೂ ಒಟ್ಟಿಗೆ ತೆಗೆದರೆ ಅನ್ಯಾಯದ ವಜಾ ಎಂಬ ದೂರನ್ನು ಮಂಡಳಿ ಕೇಳುವಂತಿರಲಿಲ್ಲ. ಕಾನೂನು ಹಾಗಿತ್ತು. ಮಾಲೀಕ ಜಾರ್ಜ್ ವಾರ್ಡ್ ಕೂಡ ದೆಹಲಿಯಲ್ಲಿ ಹುಟ್ಟಿದ ಆಂಗ್ಲೋ ಇಂಡಿಯನ್ ಎಂಬುದು ಈ ಕಥೆಯ ಒಂದು ವಿಚಿತ್ರ. ಒಳಗೆ ಕೆಲಸ ಮಾಡುತ್ತಿರುವವರಿಗೆ ಸಂಘ ಬೇಡ, ಹೊರಗಿನವರ ಒತ್ತಡಕ್ಕೆ ನಾನೇಕೆ ಬಗ್ಗಲಿ ಎಂಬುದು ಅವರ ವಾದ. ಆ ವಾದವನ್ನು ಒಪ್ಪಿದವರೂ ಈ ದೇಶದಲ್ಲಿ ಬಹಳ ಜನ ಇದ್ದರು.

ವಾರ್ಡ್ ಆಗಾಗ ಗೇಟಿನ ಹತ್ತಿರ ಬಂದು ಕೆಣಕುತ್ತಿದ್ದರಂತೆ. ಸೀರೆ ಉಟ್ಟುಕೊಂಡು ನೀವು ಗೆಲ್ಲಲಾರಿರಿ ಎಂದಾಗ, ಇಂದಿರಾ ಗಾಂಧಿ ಸೀರೆ ಉಟ್ಟೇ ಅಷ್ಟು ದೊಡ್ಡ ದೇಶ ಆಳುತ್ತಿದ್ದಾರೆ ಎಂದು ಜಯಾಬೆನ್ ಉತ್ತರ ಕೊಟ್ಟರಂತೆ. (ಆಗ ಭಾರತದಲ್ಲಿ ತುರ್ತುಪರಿಸ್ಥಿತಿ. ಅಲ್ಲಿ ಮುಷ್ಕರ ಹೂಡಿದವರ ಗತಿ ಏನಾಗುತ್ತಿತ್ತು ಎಂಬುದು ಬೇರೆ ವಿಷಯ.) ನಿನ್ನ ನಡತೆ ಸರಿಯಿಲ್ಲವೆಂದು ಇಡೀ ಪಟೇಲ್ ಸಮುದಾಯಕ್ಕೆ ಹೇಳುತ್ತೇನೆ ಎಂದು ಬೆದರಿಸಿದ್ದನ್ನೂ ಜಯಾಬೆನ್ ನೆನಪಿಸಿಕೊಂಡಿದ್ದಾರೆ. ನೀವು ಪಟೇಲರಿಗೆ ಹೇಳಿ, ನಾನು ಇಡೀ ಇಂಗ್ಲೆಂಡಿಗೆ ನಿಮ್ಮ ವಿಷಯ ಹೇಳುತ್ತಿದ್ದೇನೆ ಎಂದು ಆಕೆ ಫಲಕ ತೋರಿಸಿದರಂತೆ. ನಮ್ಮ ಜನಕ್ಕೆ ಈ ಬೆದರಿಕೆಯ ತೂಕ ಬೇರೆ ಹೇಳಬೇಕಿಲ್ಲ. ಕೆಲಸ ಹೋದರೆ ಇನ್ನೊಂದು ಕೆಲಸ ಸಿಕ್ಕೀತು. ಹೆಸರು ಹೋದರೆ ಮಗಳ ಮದುವೆ, ಅತ್ತೆಮನೆ, ದೇವಸ್ಥಾನದ ಅಂಗಳ ಎಲ್ಲ ಕಡೆ ಅದರ ನೆರಳು. ಮನೆಯವರ ಅಸಮಾಧಾನವನ್ನು ನುಂಗಿಕೊಂಡು, ಅಡುಗೆ ಮುಗಿಸಿ, ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು ಗೇಟಿಗೆ ಬಂದವರು ಅವರು. ಪೊಲೀಸರ ಸಾಲಿನ ಎದುರು ಒಂದು ತೋಳಿಗೆ ಕೈಚೀಲ ಸಿಕ್ಕಿಸಿಕೊಂಡು ನಿಂತ ಜಯಾಬೆನ್ ಅವರ ಫೋಟೋ ಒಂದಿದೆ. ತರಕಾರಿ ತರಲು ಹೊರಟವರು ದಾರಿಯಲ್ಲಿ ನಿಂತ ಹಾಗೆ ಕಾಣುತ್ತಾರೆ.

ಮುಂದಿನ ಘಟನೆಗಳನ್ನು ಬೇಗ ಹೇಳುತ್ತೇನೆ, ಏಕೆಂದರೆ ಅವು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿವೆ. ಗ್ರನ್‌ವಿಕ್‌ನ ಉಸಿರು ಅಂಚೆಯಲ್ಲಿತ್ತು. ಕ್ರಿಕಲ್‌ವುಡ್ ಅಂಚೆ ನೌಕರರು ಅದರ ಲಕೋಟೆಗಳನ್ನು ಮುಟ್ಟುವುದಿಲ್ಲ ಎಂದರು. ಕಂಪನಿಯ ಬೆಂಬಲಿಗರು 1977ರ ಜುಲೈಯಲ್ಲಿ ರಾತ್ರೋರಾತ್ರಿ ಆ ಮೂಟೆಗಳನ್ನು ಸಾಗಿಸಿ ಬೇರೆ ಬೇರೆ ಊರುಗಳ ಅಂಚೆ ಪೆಟ್ಟಿಗೆಗಳಿಗೆ ಹಾಕಿಸಿದರು. ಆ ಬೇಸಿಗೆಯಲ್ಲಿ ಯಾರ್ಕ್‌ಶೈರಿನಿಂದ ಗಣಿ ಕಾರ್ಮಿಕರು ಬಂದರು, ಸಾವಿರಾರು ಜನ ಸೇರಿದರು, ಪೊಲೀಸರ ಜೊತೆ ತಳ್ಳಾಟವಾಯಿತು. ಮುಷ್ಕರ ಮುಗಿಯುವ ಹೊತ್ತಿಗೆ ಸುಮಾರು 550 ಜನರ ಬಂಧನವಾಗಿತ್ತು. 1968ರಲ್ಲಿ ವಲಸಿಗರ ವಿರುದ್ಧ ಮಾತಾಡಿದ ಈನಕ್ ಪವೆಲ್‌ಗೆ ಜೈಕಾರ ಹಾಕುತ್ತ ಮೆರವಣಿಗೆ ಹೋಗಿದ್ದವರು ಲಂಡನ್ನಿನ ಬಂದರು ಕಾರ್ಮಿಕರು. ಅದೇ ಬಂದರಿನವರು ಒಂಬತ್ತು ವರ್ಷಗಳ ನಂತರ ಈ ಸೀರೆಯ ಹೆಂಗಸರ ಪರವಾಗಿ ಬಾವುಟ ಹಿಡಿದು ಬಂದರು. ಇಡೀ ಮುಷ್ಕರದಲ್ಲಿ ಲೆಕ್ಕಕ್ಕೆ ಸಿಗದ ದೊಡ್ಡ ಸಂಪಾದನೆ ಇದೇ ಎಂದು ನನ್ನ ಅನಿಸಿಕೆ.

ಲೆಕ್ಕಕ್ಕೆ ಸಿಗುವುದು ಬೇರೆ. ನ್ಯಾಯಮೂರ್ತಿ ಸ್ಕಾರ್ಮನ್ ವಿಚಾರಣಾ ಸಮಿತಿ 1977ರ ಆಗಸ್ಟ್‌ನಲ್ಲಿ, ವಜಾ ಆದವರನ್ನು ಮರಳಿ ತೆಗೆದುಕೊಳ್ಳಬೇಕು ಎಂದಿತು. ವಾರ್ಡ್ ಒಪ್ಪಲಿಲ್ಲ. ಕಾರ್ಮಿಕ ವ್ಯಾಜ್ಯಗಳ ಸಂಧಾನ ಮಂಡಳಿಯೂ ಸಂಘಕ್ಕೆ ಮಾನ್ಯತೆ ಕೊಡಿ ಎಂದು ಶಿಫಾರಸು ಮಾಡಿತ್ತು. ಒಳಗಿನ ಕೆಲಸಗಾರರ ಅಭಿಪ್ರಾಯ ಕೇಳದೆ ಮಾಡಿದ ಶಿಫಾರಸು ಎಂದು ಡಿಸೆಂಬರ್‌ನಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಳ್ಳಿಹಾಕಿತು. ಆ ಕೆಲಸಗಾರರ ಹೆಸರು ವಿಳಾಸಗಳನ್ನು ಮಂಡಳಿಗೆ ಕೊಡದಿದ್ದದ್ದು ಕಂಪನಿಯೇ! ದಾಖಲೆ ಕೊಡದವನಿಗೇ ದಾಖಲೆ ಇಲ್ಲದ್ದರ ಲಾಭ. ನನ್ನ ವೃತ್ತಿಯಲ್ಲಿ ಹೀಗಾದರೆ ನಾವು ಕೆಂಪು ಶಾಯಿ ಹಚ್ಚುತ್ತೇವೆ.

ದೊಡ್ಡ ಕಾರ್ಮಿಕ ಸಂಘಟನೆಗಳು ಮೆಲ್ಲನೆ ಹಿಂದೆ ಸರಿದವು. 1977ರ ನವೆಂಬರಿನ ಚಳಿಯಲ್ಲಿ ಜಯಾಬೆನ್ ಮತ್ತು ಕೆಲವರು ಕಾರ್ಮಿಕ ಸಂಘಗಳ ಕೇಂದ್ರ ಕಚೇರಿಯ ಮುಂದೆಯೇ ಉಪವಾಸ ಕೂತರು. ಅವರ ಸ್ವಂತ ಸಂಘವೇ ಅವರನ್ನು ಅಮಾನತು ಮಾಡಿತು. ಸಂಘಗಳ ಬೆಂಬಲ ಮೊಣಕೈಗೆ ಹಚ್ಚಿದ ಜೇನಿನ ಹಾಗೆ, ವಾಸನೆ ಬರುತ್ತದೆ, ನಾಲಿಗೆಗೆ ಎಟುಕುವುದಿಲ್ಲ ಎಂದರು ಜಯಾಬೆನ್. ನಾವು ಮೂಗಿಗೆ ತುಪ್ಪ ಸವರುವುದು ಎನ್ನುತ್ತೇವಲ್ಲ, ಅದೇ ಮಾತು. 1978ರ ಜುಲೈ 14ರಂದು ಮುಷ್ಕರ ನಿಂತಿತು. ಎಣಿಸಿ ನೋಡಿದೆ, ಮೊದಲ ದಿನದಿಂದ 693 ದಿನ. ಯಾರಿಗೂ ಕೆಲಸ ವಾಪಸು ಸಿಗಲಿಲ್ಲ, ಸಂಘಕ್ಕೆ ಮಾನ್ಯತೆಯೂ ಸಿಗಲಿಲ್ಲ. ಇವರು ಹೊರಗೆ ನಿಂತಿದ್ದಾಗ ಒಳಗಿದ್ದವರ ಸಂಬಳ ಮಾತ್ರ ಏರಿತು.

ಇದನ್ನು ಸೋಲು ಎಂದೇ ಇತಿಹಾಸದಲ್ಲಿ ಬರೆಯುತ್ತಾರೆ. ಈ ಮಾತನ್ನು ಯೋಚಿಸುವಾಗಲೆಲ್ಲ ನನ್ನ ಮನಸ್ಸು ಬೆಂಗಳೂರಿಗೆ, 2016ರ ಏಪ್ರಿಲ್‌ಗೆ ಹೋಗುತ್ತದೆ. ಅಲ್ಲಿಯೂ ಹೆಂಗಸರೇ, ಅಲ್ಲಿಯೂ ಕಾರ್ಖಾನೆಯ ಗೇಟೇ. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತ್ತು. ಕೆಲಸ ಬಿಟ್ಟವರು ತಮ್ಮ ಪಾಲಿನ ಹಣ ತೆಗೆಯಬಹುದು, ಮಾಲೀಕರ ಪಾಲು 58 ವರ್ಷದವರೆಗೆ ಸಿಗದು. ಮಾಲೀಕರು ಕಟ್ಟುವ ಶೇ. 12ರಲ್ಲಿ 8.33 ಪಿಂಚಣಿಗೆ ಹೋಗಿ ಪಿಎಫ್‌ಗೆ ಉಳಿಯುವುದು 3.67. ಸಂಬಳ 7,000 ರೂಪಾಯಿ ಎಂದಿಟ್ಟುಕೊಳ್ಳಿ, ತಿಂಗಳಿಗೆ 257 ರೂಪಾಯಿ. ಐದು ವರ್ಷಕ್ಕೆ ಬಡ್ಡಿ ಬಿಟ್ಟು ಹದಿನೈದು ಸಾವಿರ ಚಿಲ್ಲರೆ. ದೆಹಲಿಯಲ್ಲಿ ಕೂತು ನೋಡಿದರೆ ಇದು ವೃದ್ಧಾಪ್ಯದ ಉಳಿತಾಯ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸಿಗೆ ಅದು ಮಗಳ ಸ್ಕೂಲ್ ಫೀಸು, ಗಂಡನ ಆಸ್ಪತ್ರೆ, ಊರಿನ ಸಾಲ. ಕಣ್ಣು ಮಂಜಾಗಿ, ಬೆನ್ನು ಹಿಡಿದುಕೊಂಡು, 58ರವರೆಗೆ ಮೆಷಿನ್ ಮುಂದೆ ಕೂರುವವರು ಎಷ್ಟು ಜನ?

ಏಪ್ರಿಲ್ 18ರಂದು ಅವರು ಮೆಷಿನ್ ನಿಲ್ಲಿಸಿ ಹೊಸೂರು ರಸ್ತೆಗೆ ಬಂದರು. ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ, ವೇದಿಕೆಯ ಮೇಲೆ ನಾಯಕರಿರಲಿಲ್ಲ. ಮಾರನೆಯ ದಿನ ಕಲ್ಲು, ಬೆಂಕಿ, ಲಾಠಿ, ಅಶ್ರುವಾಯು ಎಲ್ಲವೂ ಆಯಿತು. ಬಸ್ಸು ಸುಟ್ಟಿದ್ದನ್ನು ನಾನು ಮೆಚ್ಚಲಾರೆ. ಆದರೆ ಟಿವಿಯಲ್ಲಿ ಆ ಬಸ್ಸು ಕಂಡಷ್ಟು ಆ 3.67 ಕಾಣಲಿಲ್ಲ ಎಂಬುದನ್ನೂ ಹೇಳಬೇಕು. 19ರ ಸಂಜೆಯ ಹೊತ್ತಿಗೆ ಕೇಂದ್ರದ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮವನ್ನು ಹಿಂತೆಗೆದುಕೊಂಡಿರುವುದಾಗಿ ಘೋಷಿಸಿದರು. ಅದರ ಪ್ರಯೋಜನ ದೇಶದ ಎಲ್ಲ ಪಿಎಫ್ ಖಾತೆದಾರರಿಗೆ ಸಿಕ್ಕಿತು. ಹವಾನಿಯಂತ್ರಿತ ಕಚೇರಿಗಳಲ್ಲಿ ಕೂತು, ಟ್ರಾಫಿಕ್ ಜಾಮಿಗೆ ಬೈದುಕೊಂಡವರಿಗೂ.

ಎರಡು ದಿನದಲ್ಲಿ ಗೆದ್ದವರು, ಎರಡು ವರ್ಷ ನಿಂತು ಸೋತವರು. ಇವರಲ್ಲಿ ಯಾರು ಹೆಚ್ಚು ಎಂದು ತಕ್ಕಡಿ ಹಿಡಿಯಲು ನಾನು ಹೋಗುವುದಿಲ್ಲ. ವಿಲ್ಸ್‌ಡೆನ್ ಮತ್ತು ಬೊಮ್ಮನಹಳ್ಳಿಗಳ ಹೆಂಗಸರು ಒಬ್ಬರ ಹೆಸರು ಇನ್ನೊಬ್ಬರು ಕೇಳಿರಲಿಕ್ಕಿಲ್ಲ. ಆದರೂ ಎರಡೂ ಕಡೆ ಜಗಳ ಹುಟ್ಟಿದ್ದು ಒಂದೇ ಜಾಗದಲ್ಲಿ. ಸಂಜೆ ಎಷ್ಟು ಹೊತ್ತಿಗೆ ಮನೆಗೆ ಹೋಗಬೇಕು, ಕೂಡಿಟ್ಟ ದುಡ್ಡನ್ನು ಯಾವಾಗ ತೆಗೆಯಬೇಕು ಎಂಬುದನ್ನು ಆ ಮನೆ ನಡೆಸುವವಳನ್ನು ಕೇಳದೆ ಬೇರೆ ಯಾರೋ ತೀರ್ಮಾನಿಸಿದಾಗ.

ಗ್ರನ್‌ವಿಕ್ ಕಂಪನಿ ಈಗಿಲ್ಲ. 2017ರಲ್ಲಿ ವಿಲ್ಸ್‌ಡೆನ್ ಭಾಗದಲ್ಲಿ ಈ ಮುಷ್ಕರದ ನೆನಪಿಗೆ ಗೋಡೆಚಿತ್ರಗಳನ್ನು ಬಿಡಿಸಿದರು. ಅದನ್ನು ನೋಡಲು ಜಯಾಬೆನ್ ಇರಲಿಲ್ಲ, 2010ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದರು. ಮುಷ್ಕರ ಮುಗಿದ ಮೇಲೆ ಅವರು ಮತ್ತೆ ಹೊಲಿಗೆಗೆ ಹೋದರು, ಹ್ಯಾರೋದ ಕಾಲೇಜಿನಲ್ಲಿ ಹೊಲಿಗೆ ಕಲಿಸಿದರು. ಅರವತ್ತನೆಯ ವಯಸ್ಸಿನಲ್ಲಿ ಕಾರು ಓಡಿಸುವ ಪರೀಕ್ಷೆ ಪಾಸು ಮಾಡಿದರು. ನೀವೂ ಕಲಿಯಿರಿ, ಎಲ್ಲಿಗಾದರೂ ಹೋಗಲು ಬೇರೆಯವರನ್ನು ಕಾಯಬೇಕಾಗಿಲ್ಲ ಎಂದು ಉಳಿದ ಹೆಂಗಸರಿಗೂ ಹೇಳುತ್ತಿದ್ದರಂತೆ.